ಸೆಜಾನನ ಕಡಲು, ಕಾರ್ಖಾನೆಯ ಚಿಮಣಿ

ಮಾವ: ಕಡಲಿನ ಚಿತ್ರ ಅಂತ ಹೇಳಿ ಪುಸ್ತಕ ಕೈಗೆ ಕೊಟ್ಟೆ. ನನ್ನ ಕಣ್ಣು ಮೊದಲು ಹೋದದ್ದು ಈ ಚಿಮಣಿಗೆ. ಮನೆಗಳ ನಡುವಿನಿಂದ ಎದ್ದು ನೇರ ನೀರಿನ ನೀಲಿಯೊಳಗೆ ತಲೆ ಹಾಕಿದೆ. ಇದು ಅಡುಗೆಮನೆಯದ್ದಲ್ಲ, ಕಾರ್ಖಾನೆಯದ್ದು. ಹಂಚಿನ ಭಟ್ಟಿಯ ಬುಡದಲ್ಲಿ ಆಯುಷ್ಯ ಕಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸೊಸೆ: ಅದಕ್ಕೇ ನಿಮಗೆ ತೋರಿಸಿದ್ದು ಮಾವ. ತರಗತಿಯಲ್ಲಿ ಈ ಚಿತ್ರ ಹಾಕಿದರೆ ಹುಡುಗರು ಕಡಲು ನೋಡುತ್ತಾರೆ, ಆಚೆಯ ಗುಡ್ಡ ನೋಡುತ್ತಾರೆ, ಚಿಮಣಿ ಕಾಣುವುದೇ ಇಲ್ಲ. ಪಾಲ್ ಸೆಜಾನ್ ಸುಮಾರು 1885ರಲ್ಲಿ ಬರೆದ ಚಿತ್ರ ಇದು, 'ಲೆಸ್ತಾಕಿನಿಂದ ಕಂಡ ಮಾರ್ಸೇಲ್ ಕೊಲ್ಲಿ'. ಮೂಲ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಎತ್ತರ 73 ಸೆಂಟಿಮೀಟರ್, ಅಗಲ ಒಂದು ಮೀಟರಿಗೆ ಒಂದು ಕೂದಲೆಳೆ ಹೆಚ್ಚು. ದೊಡ್ಡ ಚಿತ್ರವೇನಲ್ಲ. ಎದುರು ನಿಂತರೆ ಮಾತ್ರ ಗೋಡೆಯನ್ನೆಲ್ಲ ಅದೇ ಹಿಡಿದುಕೊಂಡಂತೆ ಅನಿಸುತ್ತದೆ.

ಮಾವ: ಲೆಸ್ತಾಕ್ ಅಂದರೆ ಎಲ್ಲಿ?

ಸೊಸೆ: ಫ್ರಾನ್ಸಿನ ದಕ್ಷಿಣ ಕರಾವಳಿ. ಮೆಡಿಟರೇನಿಯನ್ ಕಡಲು. ಮಾರ್ಸೇಲ್ ಬಂದರಿನ ವಾಯವ್ಯಕ್ಕೆ ಇದ್ದ ಸಣ್ಣ ಊರು. ಈಗ ಅದು ಮಾರ್ಸೇಲ್ ನಗರದೊಳಗೇ ಸೇರಿದೆ. ಸೆಜಾನ್ ಹುಟ್ಟಿದ್ದು ಅಲ್ಲಿಂದ ಹೆಚ್ಚು ದೂರವಿಲ್ಲದ ಏಕ್ಸ್‌ನಲ್ಲಿ, 1839ರಲ್ಲಿ. ಈಗ ನೀವು ಕುರ್ಚಿ ಹತ್ತಿರ ಎಳೆದುಕೊಳ್ಳುವ ಮಾತು ಹೇಳುತ್ತೇನೆ. ಲೆಸ್ತಾಕ್, ಅದರ ಪಕ್ಕದ ಸೇಂತ್ ಹೆನ್ರಿ, ಸೇಂತ್ ಆಂದ್ರೆ, ಈ ಮೂರೂ ಊರುಗಳ ಅಡಿಯಲ್ಲಿ ಒಳ್ಳೆಯ ಆವೆಮಣ್ಣು ಇತ್ತು. 19ನೇ ಶತಮಾನದಲ್ಲಿ ಅಲ್ಲಿ ಸಾಲು ಸಾಲು ಹಂಚಿನ ಕಾರ್ಖಾನೆಗಳು ಎದ್ದವು. ಅಲ್ಲಿ ತಯಾರಾದ ಹಂಚು ಹಡಗು ಹತ್ತಿ ಅಲ್ಜೀರಿಯಾ, ಆಸ್ಟ್ರೇಲಿಯಾ, ನಮ್ಮ ದೇಶದವರೆಗೂ ಹೋಯಿತು.

ಮಾವ: ಮಾರ್ಸೇಲ್ ಹಂಚು! ಆ ಹೆಸರು ನಾವು ಕೆಲಸಕ್ಕೆ ಸೇರಿದಾಗಲೇ ಕೇಳಿದ್ದು. ಹಳೆಯ ಮೇಸ್ತ್ರಿಗಳು ಹೇಳುತ್ತಿದ್ದರು, ನಮ್ಮದು ಹುಟ್ಟುವ ಮೊದಲು ಫ್ರಾನ್ಸಿನ ಹಂಚೇ ಹೆಸರುವಾಸಿ ಅಂತ. ಹಳೆಯ ಕಟ್ಟಡ ಕೆಡವುವಾಗ ಒಮ್ಮೆ ಅಂಥದ್ದೊಂದು ನನ್ನ ಕೈಗೂ ಬಂದಿತ್ತು. ಬೆನ್ನ ಮೇಲೆ ಒಂದು ಜೇನ್ನೊಣದ ಮುದ್ರೆ, ಸುತ್ತ ಇಂಗ್ಲಿಷ್ ಅಕ್ಷರ.

ಸೊಸೆ: ಗಿಷಾರ್ ಕಾರ್ವೇನ್ ಕಂಪನಿಯ ಹಂಚು ಮಾವ ಅದು, ಸೇಂತ್ ಆಂದ್ರೆಯದ್ದು. ಜೇನ್ನೊಣ ಅವರ ಗುರುತು. ಈ ಚಿತ್ರದ ಆಸುಪಾಸಿನಲ್ಲೇ ಅಗೆದ ಮಣ್ಣು ಅದು.

ಮಾವ: ಹಾಗಾದರೆ ನಾನು ಈ ಚಿತ್ರದ ನೆಲವನ್ನು ಕೈಯಲ್ಲಿ ಹಿಡಿದಿದ್ದೇನೆ ಅನ್ನು.

ಸೊಸೆ: ಹಿಡಿದಿದ್ದೀರಿ. ಒಂದಕ್ಕೊಂದು ಕಚ್ಚಿ ಕೂರುವ ಹಂಚಿಗೆ ಪೇಟೆಂಟ್ ಪಡೆದವರು ಅಲ್ಸಾಸಿನ ಗಿಲಾರ್ಡೋನಿ ಅಣ್ಣತಮ್ಮಂದಿರು, 1841ರಲ್ಲಿ. ಅದನ್ನು ಲೋಕಕ್ಕೆಲ್ಲ ಮಾರಿದ ಊರು ಮಾರ್ಸೇಲ್. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಯಂತ್ರದ ಹಂಚು ಶುರು ಮಾಡಿದಾಗ ಒತ್ತಿದ್ದೂ ಆ ಜಾತಿಯ ಹಂಚೇ.

ಮಾವ: 'ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865'. ಆ ಮುದ್ರೆಯ ಹಂಚು ನಿನ್ನ ಅಮ್ಮನ ಕೊಟ್ಟಿಗೆಯ ಮಾಡಿನ ಮೇಲೆ ಈಗಲೂ ಉಂಟು. ಆದರೆ ಒಂದು ಮಾತು ಹೇಳುತ್ತೇನೆ. ಚಿತ್ರದಲ್ಲಿ ಕಾಣುವ ಮಾಡಿಗೆಲ್ಲ ಕಾರ್ಖಾನೆಯ ಹಂಚೇ ಹೊದಿಸಿರಬೇಕಾಗಿಲ್ಲ. ಹಳೆಯ ಮನೆಗಳಿಗೆ ಅಲ್ಲಿಯೂ ನಾಡಹಂಚೇ ಇದ್ದಿರಬೇಕು.

ಸೊಸೆ: ಸರಿಯಾಗಿ ಹೇಳಿದಿರಿ. ಆ ಸೀಮೆಯ ಹಳೆಯ ಮನೆಗಳದ್ದು ಅರ್ಧ ಕೊಳವೆಯ ಆಕಾರದ ನಾಡಹಂಚು. ಸೆಜಾನ್ ಅದನ್ನೂ ಒಂದೊಂದಾಗಿ ಬಿಡಿಸಿಲ್ಲ. ಹಂಚಿನ ಸಾಲು ತೋರಿಸುವ ಗೆರೆಯೇ ಇಲ್ಲ. ಒಂದು ಕೆಂಪು ತುಂಡು, ಅದರ ಪಕ್ಕ ಕಿತ್ತಳೆಯ ತುಂಡು, ಕೆಳಗೆ ಕಾವಿ ಬಣ್ಣದ ಗೋಡೆ. ಅಷ್ಟರಲ್ಲಿ ಮಾಡಿನ ಇಳಿಜಾರು, ಬಿಸಿಲು, ಭಾರ ಎಲ್ಲ ಬಂದುಬಿಟ್ಟಿದೆ. ಅವನಿಗೆ ಈ ಊರು ಹೇಗೆ ಕಂಡಿತ್ತು ಎನ್ನುವುದಕ್ಕೆ ಒಂದು ಕಾಗದ ಇದೆ. 1876ರ ಜುಲೈ 2ರಂದು ಹಿರಿಯ ಚಿತ್ರಕಾರ ಪಿಸಾರೊಗೆ ಬರೆದದ್ದು. ಇಲ್ಲಿಯ ನೋಟ ಇಸ್ಪೀಟಿನ ಎಲೆಯ ಹಾಗಿದೆ, ನೀಲಿ ಕಡಲಿನ ಮೇಲೆ ಕೆಂಪು ಮಾಡುಗಳು ಎನ್ನುತ್ತಾನೆ ಅದರಲ್ಲಿ.

ಮಾವ: ಇಸ್ಪೀಟಿನ ಎಲೆ ಅಂದರೆ ಚಪ್ಪಟೆ ಅಂತಲೋ?

ಸೊಸೆ: ಹೌದು, ಚಪ್ಪಟೆ. ಅದೇ ಕಾಗದದಲ್ಲಿ ಕಾರಣವನ್ನೂ ಹೇಳುತ್ತಾನೆ. ಅಲ್ಲಿಯ ಬಿಸಿಲು ಎಷ್ಟು ತೀಕ್ಷ್ಣ ಎಂದರೆ ವಸ್ತುಗಳು ಉಬ್ಬುತಗ್ಗು ಕಳೆದುಕೊಂಡು ಬರೀ ಆಕಾರಗಳಾಗಿ ಎದ್ದು ನಿಲ್ಲುತ್ತವಂತೆ. ಬರೀ ಕಪ್ಪುಬಿಳುಪಿನ ಆಕಾರಗಳಲ್ಲ, ನೀಲಿ, ಕೆಂಪು, ಕಂದು, ನೇರಳೆಯ ಆಕಾರಗಳೂ. ನಮ್ಮ ಚಿತ್ರಕಲಾ ಪರೀಕ್ಷೆಗೆ ಹುಡುಗರು ಹೂಜಿ ಬರೆಯುವುದು ನೋಡಿದ್ದೀರಲ್ಲ? ಒಂದು ಬದಿ ಬೆಳಕು, ಇನ್ನೊಂದು ಬದಿ ಪೆನ್ಸಿಲ್ಲಿನಿಂದ ಉಜ್ಜಿ ಉಜ್ಜಿ ನೆರಳು. ಯುರೋಪಿನವರು ನಾಲ್ಕುನೂರು ವರ್ಷ ಹಾಗೆ ನೆರಳು ಕೊಟ್ಟೇ ದುಂಡು ತೋರಿಸಿದರು. ಈ ಕಡಲಕರೆಯ ಬಿಸಿಲು ಆ ನೆರಳನ್ನು ಕಿತ್ತುಕೊಂಡಿತು. ಬರೇ ಬಣ್ಣದಿಂದ ಮನೆಯನ್ನು ಮನೆಯಾಗಿ, ಗುಡ್ಡವನ್ನು ಗುಡ್ಡವಾಗಿ ನಿಲ್ಲಿಸುವುದು ಹೇಗೆ ಅನ್ನುವುದು ಅವನ ಪ್ರಶ್ನೆಯಾಯಿತು. ಆಧುನಿಕ ಚಿತ್ರಕಲೆ ಎಲ್ಲಿ ಶುರುವಾಯಿತು ಅಂತ ನನ್ನನ್ನು ಕೇಳಿದರೆ ನಾನು ಪ್ಯಾರಿಸ್ ಅನ್ನುವುದಿಲ್ಲ, ಈ ಹಂಚಿನ ಊರಿನ ಮಧ್ಯಾಹ್ನ ಅನ್ನುತ್ತೇನೆ.

ಮಾವ: ಮಾರ್ಚ್ ಏಪ್ರಿಲಿನಲ್ಲಿ ನಮ್ಮ ಅಂಗಳದಲ್ಲೂ ಹಾಗೇ ಅಲ್ಲವಾ? ಹನ್ನೆರಡು ಗಂಟೆಗೆ ಎದುರಿನ ಮನೆ ಗೋಡೆ, ಬಾವಿಕಟ್ಟೆ, ಅಟ್ಟಿ ಹಾಕಿದ ಹಂಚು, ಎಲ್ಲ ಒಂದೇ ಸಮ ಎದ್ದು ಬರುತ್ತದೆ. ಯಾವುದು ಹತ್ತಿರ, ಯಾವುದು ದೂರ ಅಂತ ಕಣ್ಣಿಗೆ ಹೊಳೆಯುವುದಿಲ್ಲ.

ಸೊಸೆ: ಆ ಗೊಂದಲವನ್ನು ಅವನು ಚಿತ್ರದಲ್ಲಿ ಉಳಿಸಿಕೊಂಡಿದ್ದಾನೆ. ಈಗ ಕಡಲು ನೋಡಿ.

ಮಾವ: ನೋಡಿದೆ. ಅದು ಮಲಗಿಲ್ಲ, ನಿಂತಿದೆ. ಉಳ್ಳಾಲದಲ್ಲಿ ನಿಂತು ನೋಡಿದರೆ ನೀರು ಕಾಲಬುಡದಿಂದ ಹೊರಟು ಆಚೆ ಆಚೆ ಹೋಗುತ್ತದೆ, ಕೊನೆಗೆ ಆಕಾಶಕ್ಕೆ ತಾಗುತ್ತದೆ. ಇಲ್ಲಿ ನೀರು ಆಚೆ ಹೋಗುವುದೇ ಇಲ್ಲ. ಮನೆಗಳ ಹಿಂದೆ ನೀಲಿ ಗೋಡೆ ಕಟ್ಟಿದ್ದಾರೆ ಅನಿಸುತ್ತದೆ.

ಸೊಸೆ: ಚಿತ್ರವನ್ನು ನಾಲ್ಕು ಪಟ್ಟಿಯಾಗಿ ಓದಿ. ಕೆಳಗೆ ಊರು, ಅದರ ಮೇಲೆ ಕಡಲು, ಮತ್ತೆ ಆಚೆ ದಡದ ಗುಡ್ಡ, ಕೊನೆಗೆ ತೆಳ್ಳಗೆ ಆಕಾಶ. ಕಡಲು ಆಕಾಶಕ್ಕೆ ತಾಗುವ ಗೆರೆ ಇಲ್ಲಿಲ್ಲ, ಗುಡ್ಡ ಅದನ್ನು ಮುಚ್ಚಿದೆ. ಕಡಲಿನ ಚಿತ್ರಗಳಲ್ಲಿ ನಮ್ಮನ್ನು ಸೆಳೆಯುವುದು ಆ ಗೆರೆಯೇ. ಅದನ್ನು ಕಂಡ ಕೂಡಲೇ ಮನಸ್ಸು ದೂರ, ಅನಂತ, ವಿರಹ ಅಂತ ಹೊರಟುಬಿಡುತ್ತದೆ. ಸೆಜಾನ್ ಆ ದಾರಿಯನ್ನು ಮುಚ್ಚಿದ್ದಾನೆ. ದೋಣಿ ಇಲ್ಲ, ಹಾಯಿ ಇಲ್ಲ, ಅಲೆ ಇಲ್ಲ, ಸೂರ್ಯಾಸ್ತ ಇಲ್ಲ. ಬಲಗಡೆ ತುದಿಯಲ್ಲಿ ಬಂದರಿನ ಕಟ್ಟೆ ನೀರಿಗೆ ಚಾಚಿದೆ, ಅದರ ಮೇಲಿನ ಗುಡ್ಡದ ನೆತ್ತಿಯಲ್ಲಿ ನೋತ್ರ್ ದಾಮ್ ದ ಲಾ ಗಾರ್ದ್ ಇಗರ್ಜಿಯ ಗೋಪುರ ಕಂಡೂ ಕಾಣದ ಹಾಗೆ ಒಂದು ಚುಕ್ಕೆ. ಮಾರ್ಸೇಲಿನ ನಾವಿಕರು ಹರಕೆ ಹೊರುವ ಇಗರ್ಜಿ ಅದು. ಬೇರೆ ಯಾರಾದರೂ ಬರೆದಿದ್ದರೆ ಅದನ್ನೇ ಮೆರೆಸುತ್ತಿದ್ದರು. ಇಲ್ಲಿ ಚಿಮಣಿ ಇಗರ್ಜಿಗಿಂತ ದೊಡ್ಡದು.

ಮಾವ: ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುವುದು ಸಹಜ.

ಸೊಸೆ: ಸಹಜ, ಒಪ್ಪಿದೆ. ಆದರೆ ಎಲ್ಲಿ ನಿಲ್ಲಬೇಕು ಎಂದು ಆರಿಸಿಕೊಂಡವನು ಅವನೇ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿದ್ದರೆ ಕಾರ್ಖಾನೆ ಮರದ ಮರೆಗೆ ಹೋಗುತ್ತಿತ್ತು. ಹತ್ತು ವರ್ಷಗಳಲ್ಲಿ ಈ ಕೊಲ್ಲಿಯನ್ನು ಅವನು ಹನ್ನೆರಡಕ್ಕೂ ಹೆಚ್ಚು ಸಲ ಬರೆದಿದ್ದಾನೆ. ಷಿಕಾಗೋದಲ್ಲಿ ಇದರ ಜೋಡಿಯಂಥ ಇನ್ನೊಂದು ಇದೆ, ಅದರಲ್ಲೂ ಚಿಮಣಿ ಇದೆ. ಅಷ್ಟು ಸಲ ಬರೆದವನು ಚಿಮಣಿಯನ್ನು ಮರೆತು ಒಳಗೆ ಬಿಟ್ಟುಕೊಂಡ ಎನ್ನಲಾಗುವುದಿಲ್ಲ. ಪಿಸಾರೊ ಆಗಲೇ, 1873ರಲ್ಲಿ, ಪೊಂತ್ವಾಸ್ ಹತ್ತಿರದ ಕಾರ್ಖಾನೆಯನ್ನು ನದಿದಂಡೆಯ ನೋಟವಾಗಿ ಬರೆದಿದ್ದ. ಆ ಪಾಠವೂ ಇವನ ಬೆನ್ನಿಗಿತ್ತು.

ಮಾವ: ಕುಂಚ ಎಳೆದ ಗುರುತನ್ನು ಇವ ಮುಚ್ಚಿಲ್ಲವಲ್ಲ. ಇಲ್ಲಿ ಗಿಡದ ಹಸುರು ನೋಡು, ಎಲ್ಲವೂ ಒಂದೇ ಕಡೆಗೆ ಓರೆ.

ಸೊಸೆ: ಅದು ಅವನ ಕಟ್ಟುವ ಕ್ರಮ. ಒಂದೇ ಅಳತೆಯ ಸಣ್ಣ ಸಣ್ಣ ಗೀಟು, ಪಕ್ಕ ಪಕ್ಕ, ಒಂದರ ಅಂಚು ಇನ್ನೊಂದರ ಮೇಲೆ ತುಸು ಏರಿ. ಒಂದು ಹಂಚಿನ ತುಟಿ ಪಕ್ಕದ ಹಂಚಿನ ಕಾಲುವೆಯಲ್ಲಿ ಕೂತು ಗಾರೆಯಿಲ್ಲದೆ ಮಾಡು ನಿಲ್ಲುತ್ತದಲ್ಲ ಮಾವ, ಹಾಗೆ ಇವು ನಿಲ್ಲುತ್ತವೆ. ಒಂದನ್ನು ಕಿತ್ತರೆ ಪಕ್ಕದ್ದು ಅಲುಗುತ್ತದೆ. ಕಡಲಿನ ನೀಲಿ ದೂರದಿಂದ ಒಂದೇ ಬಣ್ಣ ಅನಿಸುತ್ತದೆ; ಚಿತ್ರದ ಎದುರು ನಿಂತಾಗ ಗೊತ್ತಾಯಿತು, ಅದರಲ್ಲಿ ಹಸುರಿದೆ, ಅಲ್ಲಲ್ಲಿ ನೇರಳೆ ಇದೆ. ಮನೆಗಳ ಕೆಂಪು ಬಿಸಿ, ನೀರಿನ ನೀಲಿ ತಂಪು. ಬಿಸಿ ಬಣ್ಣ ಮುಂದಕ್ಕೆ ಬರುತ್ತದೆ, ತಂಪು ಬಣ್ಣ ಹಿಂದೆ ಸರಿಯುತ್ತದೆ. ಹಾಗಾಗಿ ದಾರಿ, ಬೇಲಿ, ಸಣ್ಣದಾಗುತ್ತ ಹೋಗುವ ಮನುಷ್ಯರು ಏನೂ ಇಲ್ಲದೆಯೂ ಕೊಲ್ಲಿಯ ಅಗಲ ನಮಗೆ ತಾಗುತ್ತದೆ. ನೀವು ಹೇಳಿದ ಗೋಡೆಯೂ ಹೌದು, ಮೈಲಿಗಟ್ಟಲೆ ನೀರೂ ಹೌದು. ಎರಡೂ ಒಟ್ಟಿಗೆ ಇರುವುದು ನನಗೆ ಈ ಚಿತ್ರದ ದೊಡ್ಡಸ್ತಿಕೆ.

ಮಾವ: ಆ ಕೆಂಪು ಯಾವ ಕೆಂಪು? ನಮ್ಮಲ್ಲಿ ಭಟ್ಟಿಯಿಂದ ಇಳಿಸುವಾಗ ಒಂದೇ ಮಣ್ಣಿನ ಹಂಚಿನಲ್ಲಿ ಮೂರು ನಾಲ್ಕು ಕೆಂಪು ಬರುತ್ತಿತ್ತು. ಬೆಂಕಿಯ ಹತ್ತಿರ ಇದ್ದದ್ದು ಕಪ್ಪಿಗೆ ತಿರುಗಿದ ಕೆಂಪು, ಸರಿಯಾಗಿ ಬೆಂದದ್ದು ದಾಸವಾಳದ ಕೆಂಪು, ಬೇಯದೆ ಉಳಿದದ್ದು ಹಳದಿಗೆ ಹತ್ತಿರ. ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ಶಬ್ದ ಕೇಳುವುದು, ಬಣ್ಣ ನೋಡುವುದು, ಒಂದನೇ ನಂಬ್ರ ಎರಡನೇ ನಂಬ್ರ ಅಂತ ಬೇರೆ ಮಾಡುವುದು. ಅದೇ ನನ್ನ ಕೆಲಸ. ಈ ಚಿತ್ರದ ಮಾಡುಗಳಲ್ಲಿಯೂ ಆ ಮೂರು ನಾಲ್ಕು ಕೆಂಪು ಉಂಟು.

ಸೊಸೆ: ಇದನ್ನು ಬರೆದುಕೊಳ್ಳುತ್ತೇನೆ. ಎಮಿಲ್ ಬರ್ನಾರ್ ಎಂಬ ತರುಣ ಚಿತ್ರಕಾರ 1904ರಲ್ಲಿ ಏಕ್ಸ್‌ಗೆ ಹೋಗಿ ಸೆಜಾನನ ಬಣ್ಣದ ಹಲಗೆಯಲ್ಲಿ ಏನೇನಿತ್ತು ಎಂದು ಪಟ್ಟಿ ಮಾಡಿದ. ಹಳದಿ ಕಾವಿ, ಕೆಂಪು ಕಾವಿ, ಸುಟ್ಟ ಸಿಯೆನಾ, ಇವೆಲ್ಲ ಅದರಲ್ಲಿವೆ. ಇವು ಮಣ್ಣಿನ ಬಣ್ಣಗಳು. ಹಳದಿ ಕಾವಿಯನ್ನು ಕಾಯಿಸಿದರೆ ಅದು ಕೆಂಪು ಕಾವಿಯಾಗುತ್ತದೆ.

ಮಾವ: ಮಣ್ಣಿನಲ್ಲಿರುವ ಕಬ್ಬಿಣದ ಅಂಶ. ಬೆಂಕಿ ತಾಗಿದ ಕೂಡಲೇ ಬೂದು, ಹಳದಿ ಎಲ್ಲ ಹೋಗಿ ಕೆಂಪು ಬರುವುದು. ಹಂಚಿಗೂ ಅದೇ ಕಾರಣ.

ಸೊಸೆ: ಮಾಡಿನ ಕೆಂಪೂ ಅವನ ಹಲಗೆಯ ಕೆಂಪು ಕಾವಿಯೂ ಒಂದೇ ಕಬ್ಬಿಣದ್ದು, ಒಂದೇ ಬೆಂಕಿಯ ಗುಣದ್ದು. ಅಂಥ ಊರಿನಲ್ಲಿ ಕೂತು ಅಂಥ ಬಣ್ಣದಲ್ಲಿ ಬರೆದವನು ಕಡಲನ್ನೂ ಕಟ್ಟಡದ ಹಾಗೆ ಕಟ್ಟಿದ್ದು ನನಗೆ ಸಹಜವಾಗಿ ಕಾಣುತ್ತದೆ.

ಮಾವ: ಅಷ್ಟು ಸಲ ಬಂದು ಅಲ್ಲಿ ಕೂತದ್ದು ಯಾಕೆ? ಚಿತ್ರಕ್ಕೆ ಮಾತ್ರವಾ?

ಸೊಸೆ: ಮೊದಲ ಸಲ ಅಡಗಿಕೊಳ್ಳಲು. 1870ರಲ್ಲಿ ಫ್ರಾನ್ಸಿಗೂ ಪ್ರಶ್ಯಕ್ಕೂ ಯುದ್ಧ ಶುರುವಾದಾಗ ಸೈನ್ಯದ ಕರೆಯಿಂದ ತಪ್ಪಿಸಿಕೊಂಡು ಇಲ್ಲಿ ಉಳಿದ. ಜೊತೆಗೆ ಅವನ ಸಂಗಾತಿ ಒರ್ಟಾನ್ಸ್ ಫಿಕೆ ಇದ್ದಳು. ಅವಳ ವಿಷಯ, 1872ರಲ್ಲಿ ಹುಟ್ಟಿದ ಮಗನ ವಿಷಯ ಬ್ಯಾಂಕು ನಡೆಸುತ್ತಿದ್ದ ಅಪ್ಪನಿಗೆ ಗೊತ್ತಾಗದಂತೆ ವರ್ಷಗಟ್ಟಲೆ ಮುಚ್ಚಿಟ್ಟಿದ್ದ. 1878ರಲ್ಲಿ ಅಪ್ಪನಿಗೆ ಸಂಶಯ ಬಂದು ತಿಂಗಳ ಹಣಕ್ಕೆ ಕತ್ತರಿ ಬಿತ್ತು. ಆಗ ಬಾಲ್ಯದ ಗೆಳೆಯ, ಕಾದಂಬರಿಕಾರ ಜೋಲಾ ಹಣ ಕಳಿಸಿ ಕೈಹಿಡಿದ. 1882ರ ಚಳಿಗಾಲದಲ್ಲಿ ಚಿತ್ರಕಾರ ಗೆಳೆಯ ರೆನ್ವಾ ಇಲ್ಲಿಗೆ ಬಂದು ನ್ಯುಮೋನಿಯಾ ಹಿಡಿದು ಮಲಗಿದಾಗ ಸೆಜಾನನೂ ಅವನ ತಾಯಿಯೂ ಆರೈಕೆ ಮಾಡಿದರು. 1883ರಲ್ಲಿ ರೈಲುನಿಲ್ದಾಣದ ಮೇಲುಭಾಗದಲ್ಲಿ ಒಂದು ಸಣ್ಣ ಮನೆ, ತೋಟ ಬಾಡಿಗೆಗೆ ಹಿಡಿದ. ನೋಟ ಎತ್ತರದಿಂದ ಇಳಿದು ಬರುವುದು ಇಂಥ ಜಾಗಗಳಿಂದಲೇ.

ಮಾವ: ರೈಲಿನ ಸದ್ದು, ಭಟ್ಟಿಯ ಹೊಗೆ, ಮನೆಯ ಚಿಂತೆ. ಇವೆಲ್ಲದರ ನಡುವೆ ಕೂತು ಬರೆದ ಚಿತ್ರ ಅಂತ ಗೊತ್ತಾಗುವುದಿಲ್ಲ ಮಾರಾಯ್ತಿ. ಎಷ್ಟು ಸ್ಥಿರ ಉಂಟು ನೋಡು.

ಸೊಸೆ: ತಾಳ್ಮೆ ಅವನದ್ದು. ಪಿಸಾರೊಗೆ ಬರೆದ ಆ ಕಾಗದದಲ್ಲೇ ಇನ್ನೊಂದು ಮಾತಿದೆ. ಇಲ್ಲಿಯ ನೋಟಕ್ಕೆ ಮೂರು ನಾಲ್ಕು ತಿಂಗಳು ಕೂತು ಕೆಲಸ ಮಾಡಬಹುದು, ಯಾಕೆಂದರೆ ಆಲಿವ್ ಮರವೂ ಪೈನ್ ಮರವೂ ಎಲೆ ಉದುರಿಸುವುದಿಲ್ಲ ಎನ್ನುತ್ತಾನೆ. ಅವನ ಗೆಳೆಯರು, ಮೊನೆ ಮೊದಲಾದವರು, ಓಡುವ ಬೆಳಕನ್ನು ಹಿಡಿಯಲು ಅವಸರದಲ್ಲಿದ್ದರು. ಇವನಿಗೆ ಬೇಕಾದದ್ದು ಓಡದೆ ನಿಲ್ಲುವುದು.

ಮಾವ: ಈಗ ನನ್ನ ತಕರಾರು ಕೇಳು. ಚಿಮಣಿ ಉಂಟು, ಕೆಲಸದವನಿಲ್ಲ. ಒಂದು ಹಂಚು ಎರಡು, ಎರಡೂವರೆ ಕಿಲೋ. ಹೊಳೆಬದಿಯಲ್ಲಿ ಮಣ್ಣು ಅಗೆಯುವವ, ದೋಣಿಗೆ ತುಂಬುವವ, ಹದ ಮಾಡುವವ, ಒತ್ತುವವ, ಒತ್ತಿದ ಹಸಿ ಹಂಚನ್ನು ಒಣಗಲು ಅಟ್ಟದ ಹಲಗೆಗೆ ಸಾಗಿಸುವ ಹೆಂಗಸರು, ರಾತ್ರಿ ಭಟ್ಟಿಗೆ ಕಟ್ಟಿಗೆ ಹಾಕುವವ. ನಿನ್ನ ಅಜ್ಜಿ ಹಂಚು ಹೊತ್ತೇ ನಮ್ಮನ್ನು ಸಾಕಿದ್ದು. ಅಲ್ಲಿಯೂ ಇಷ್ಟು ಜನ ಇದ್ದಿರಲೇಬೇಕು. ಇವ ಒಬ್ಬನನ್ನೂ ಬರೆದಿಲ್ಲ. ಮನೆಗಳಿವೆ, ಕಿಟಕಿಯಲ್ಲಿ ಮುಖ ಇಲ್ಲ.

ಸೊಸೆ: ಇದ್ದರು ಮಾವ. ಇಟಲಿಯಿಂದ ಹೊಟ್ಟೆಪಾಡಿಗೆ ಬಂದ ಗಂಡಸರು ಹೆಂಗಸರು ಆ ಹಂಚಿನ ಕಾರ್ಖಾನೆಗಳನ್ನು ತುಂಬಿದ್ದರು. ನಾನು ಅವನ ಪರವಾಗಿ ಇಷ್ಟು ಹೇಳಬಲ್ಲೆ: ದುಡಿಯುವ ಜನ ಅವನಿಗೆ ಬೇಡವಾಗಿರಲಿಲ್ಲ. 1890ರ ದಶಕದಲ್ಲಿ ಅವನು ಬರೆದ ಇಸ್ಪೀಟು ಆಡುವವರ ಚಿತ್ರಗಳಿಗೆ ಅಪ್ಪನ ಎಸ್ಟೇಟಿನ ಕೆಲಸದಾಳುಗಳೇ ಕೂತದ್ದು. ಅವರಿಗೆ ಗುಡ್ಡದ ಗಟ್ಟಿತನ ಕೊಟ್ಟಿದ್ದಾನೆ. ಇಲ್ಲಿ ಒಬ್ಬ ಮನುಷ್ಯನನ್ನು ತಂದಿಟ್ಟರೆ ನಮ್ಮ ಕಣ್ಣು ಅವನನ್ನೇ ಹಿಂಬಾಲಿಸುತ್ತದೆ, ಅವನು ಎಲ್ಲಿಗೆ ಹೊರಟ ಎಂದು ಕತೆ ಹುಡುಕುತ್ತದೆ. ಕಡಲಿಗೂ ಗುಡ್ಡಕ್ಕೂ ಗೋಡೆಗೂ ಸಮಪಾಲು ಸಿಗುವುದಿಲ್ಲ. ಚಿತ್ರದ ದೃಷ್ಟಿಯಿಂದ ಅವನು ಮಾಡಿದ್ದು ಸರಿ.

ಮಾವ: ಚಿತ್ರಕ್ಕೆ ಸರಿ ಇರಬಹುದು. ನನಗೆ ಸರಿ ಬರುವುದಿಲ್ಲ. ಕಡಲು, ಗುಡ್ಡ ತಾವಾಗಿ ಬಂದದ್ದು. ಚಿಮಣಿ ತಾನಾಗಿ ಏಳಲಿಲ್ಲ. ಅದಕ್ಕೆ ಸಮಪಾಲು ಕೊಟ್ಟವ ಅದನ್ನು ಎಬ್ಬಿಸಿದವರಿಗೆ ಒಂದು ಚುಕ್ಕೆ ಬಣ್ಣವನ್ನಾದರೂ ಕೊಡಬೇಕಿತ್ತು. ಆ ಇಗರ್ಜಿಗೆ ಕೊಟ್ಟಷ್ಟು ಸಾಕಿತ್ತು.

ಸೊಸೆ: ಈ ತಕರಾರಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅವನಿಗೂ ಈ ಹೊಸ ಕಾಲದ ಜೊತೆ ಸಂಬಂಧ ಸರಳವಾಗಿರಲಿಲ್ಲ. 1902ರ ಸೆಪ್ಟೆಂಬರಿನಲ್ಲಿ ತಂಗಿಯ ಮಗಳಿಗೆ ಬರೆದ ಕಾಗದದಲ್ಲಿ ಲೆಸ್ತಾಕ್ ನೆನೆದು ಮರುಗುತ್ತಾನೆ. ಹಿಂದೆ ಅಷ್ಟು ಚೆಂದವಿದ್ದ ದಂಡೆಯನ್ನು ಕಲ್ಲಿನ ಕಟ್ಟೆ ಕಟ್ಟಿ, ಗ್ಯಾಸ್ ದೀಪ ಹಾಕಿ, ಅದಕ್ಕಿಂತ ಮಿಗಿಲಾಗಿ ವಿದ್ಯುತ್ ದೀಪ ಹಾಕಿ ಹಾಳುಮಾಡಿದರು ಎಂಬ ಸಂಕಟ. ಅಷ್ಟರೊಳಗೆ ಅವನು ಲೆಸ್ತಾಕ್ ಬರೆಯುವುದು ನಿಲ್ಲಿಸಿ ಬಹಳ ಕಾಲವಾಗಿತ್ತು. ಕೊನೆಯ ವರ್ಷಗಳಲ್ಲಿ ಅವನು ಮತ್ತೆ ಮತ್ತೆ ಬರೆದದ್ದು ಏಕ್ಸ್ ಬಳಿಯ ಸೇಂತ್ ವಿಕ್ತ್ವಾರ್ ಬೆಟ್ಟ.

ಮಾವ: ಚಿಮಣಿ ಆಗುತ್ತದೆ, ದೀಪ ಆಗುವುದಿಲ್ಲವಾ? ಚಿಮಣಿ ಆ ಊರಿನ ಮಣ್ಣಿನಿಂದ, ಆ ಊರಿನ ದುಡಿಮೆಯಿಂದ ಎದ್ದದ್ದು. ಕಟ್ಟೆ, ದೀಪ ಎಲ್ಲ ಪೇಟೆಯಿಂದ ತಿರುಗಾಡಲು ಬರುವವರಿಗೆ. ಅದಕ್ಕೇ ಇರಬೇಕು.

ಸೊಸೆ: ಹಾಗೆಂದುಕೊಳ್ಳಲು ನನಗೂ ಆಸೆ. ಆದರೆ ಅವನು ಹಾಗೆ ಬರೆದಿಲ್ಲ; ನಮಗೆ ಇಷ್ಟವಾದದ್ದನ್ನು ಅವನ ಬಾಯಿಯಿಂದ ಹೇಳಿಸಬಾರದು. ಮಾತಿನಲ್ಲಿ ಅವನು ಹಳೆಯ ಕಾಲದವನು. ಚಿತ್ರದಲ್ಲಿ, ಕಣ್ಣಿಗೆ ಬಿದ್ದದ್ದನ್ನು ತಳ್ಳಿಹಾಕದವನು. ನಾನು ಚಿತ್ರದ ಪಕ್ಷ.

ಮಾವ: ಇವನ ನಂತರ ಆ ಊರಿಗೆ ಯಾರೂ ಹೋಗಲಿಲ್ಲವಾ?

ಸೊಸೆ: ಹೋದರು. ಚಿತ್ರಕಾರ ಜಾರ್ಜ್ ಬ್ರಾಕ್ 1906ರಿಂದ ಮತ್ತೆ ಮತ್ತೆ ಹೋದ. ಸೆಜಾನ್ ತೀರಿಕೊಂಡದ್ದು ಆ ವರ್ಷವೇ. ಮರುವರ್ಷ ಪ್ಯಾರಿಸ್ಸಿನಲ್ಲಿ ಸೆಜಾನನ ಚಿತ್ರಗಳ ದೊಡ್ಡ ಪ್ರದರ್ಶನವಾಯಿತು. 1908ರ ಬೇಸಗೆಯಲ್ಲಿ ಬ್ರಾಕ್ ಬರೆದ 'ಲೆಸ್ತಾಕಿನ ಮನೆಗಳು' ಈಗ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿದೆ. ಇಲ್ಲಿ ನೋಡಿ, ಮುಂದಿನ ಪುಟ.

ಮಾವ: ಇದರಲ್ಲಿ ಕಡಲೇ ಇಲ್ಲ! ಆಕಾಶವೂ ಇಲ್ಲ. ಮನೆಗಳಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ಒಂದರ ಮೇಲೊಂದು ಏರಿ ಕೂತ ಪೆಟ್ಟಿಗೆಗಳು.

ಸೊಸೆ: ಆ ಕಾಲದವರಿಗೂ ಹಾಗೇ ಕಂಡಿತು. ಪ್ಯಾರಿಸ್ಸಿನ ಶರತ್ಕಾಲದ ಸಲೋನ್ ಎಂಬ ಪ್ರದರ್ಶನದ ತೀರ್ಪುಗಾರರು ಒಪ್ಪಲಿಲ್ಲ, ಅವರಲ್ಲಿ ಚಿತ್ರಕಾರ ಮತೀಸನೂ ಇದ್ದ. ನವೆಂಬರಿನಲ್ಲಿ ಚಿತ್ರಗಳ ವ್ಯಾಪಾರಿ ಕಾನ್‌ವೈಲರ್ ತನ್ನ ಸಣ್ಣ ಗ್ಯಾಲರಿಯಲ್ಲಿ ಪ್ರದರ್ಶನಕ್ಕಿಟ್ಟ. ವಿಮರ್ಶಕ ವೊಸೆಲ್, ಇವನು ಎಲ್ಲವನ್ನೂ ಘನಗಳಿಗೆ ಇಳಿಸುತ್ತಾನೆ ಎಂದು ಪತ್ರಿಕೆಯಲ್ಲಿ ಬರೆದ. ಕ್ಯೂಬಿಸಂ ಎಂಬ ಹೆಸರು ಹುಟ್ಟಿದ್ದು ಆ ಮಾತಿನ ಸುತ್ತ. ಸೆಜಾನ್ ಕಡಲನ್ನು ಎಬ್ಬಿಸಿ ನಿಲ್ಲಿಸಿದ. ಬ್ರಾಕ್ ಅದನ್ನು ಚಿತ್ರದಿಂದಲೇ ತೆಗೆದ. ಕಲಿಯುವವರಿಗೆ ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಬಹಳ ಉಪನ್ಯಾಸ ಬೇಕಾಗುವುದಿಲ್ಲ.

ಮಾವ: ನನಗೆ ಮೊದಲಿನದ್ದೇ ಆಗಬಹುದು. ಇದರಲ್ಲಿ ಬುದ್ಧಿ ಕಾಣುತ್ತದೆ, ಅದರಲ್ಲಿ ಊರು ಕಾಣುತ್ತದೆ.

ಸೊಸೆ: ಬ್ರಾಕನನ್ನು ಅಷ್ಟು ಬೇಗ ಬಿಟ್ಟುಕೊಡಲು ನಾನು ತಯಾರಿಲ್ಲ. ಆದರೆ ನನ್ನ ಮನಸ್ಸೂ ಸೆಜಾನನ ಕಡೆಗೇ ವಾಲುತ್ತದೆ. ಅವನು ಲೋಕವನ್ನು ಕಟ್ಟುವಾಗ ಲೋಕವನ್ನು ಕಳೆದುಕೊಳ್ಳಲಿಲ್ಲ. ಆ ಕಡೆ ಬರೀ ನೋಟದ ಚೆಂದ, ಈ ಕಡೆ ಬರೀ ಆಕಾರ. ನಡುವಿನ ಸಪೂರ ಜಾಗದಲ್ಲಿ ಈ ಚಿತ್ರ ನಿಂತಿದೆ. ಮತ್ತೆ ಆ ಜಾಗ ಹಿಡಿಯುವುದು ಯಾರಿಗೂ ಸುಲಭವಾಗಲಿಲ್ಲ. ನನ್ನ ಕೊರಗು ಬೇರೆ ಇದೆ. ನಮ್ಮ ಕರಾವಳಿಯ ಚಿತ್ರ ಅಂತ ಮಕ್ಕಳು ತಂದುಕೊಡುವುದರಲ್ಲಿ ಬಾಗಿದ ತೆಂಗಿನ ಮರ, ದೋಣಿ, ಮುಳುಗುವ ಸೂರ್ಯ. ವರ್ಷ ವರ್ಷವೂ ಅದೇ. ಕಡಲ ಬದಿಯ ಮಕ್ಕಳು ಬೇರೆಯವರ ಕ್ಯಾಲೆಂಡರ್ ನೋಡಿ ತಮ್ಮ ಕಡಲು ಬರೆಯುತ್ತಾರೆ. ಮೀನಿನ ಧಕ್ಕೆ, ಮಂಜುಗಡ್ಡೆಯ ಕಾರ್ಖಾನೆ, ಹೊಳೆಬದಿಯ ಹಂಚಿನ ಕಾರ್ಖಾನೆ ಯಾರ ಚಿತ್ರದಲ್ಲೂ ಬರುವುದಿಲ್ಲ.

ಮಾವ: ಬರುವುದು ಹೇಗೆ? ಅವು ಬರೆಯಲು ಯೋಗ್ಯ ಅಂತ ಯಾರೂ ಅವರಿಗೆ ಹೇಳಿಲ್ಲ. ಹಂಚಿನ ಕಾರ್ಖಾನೆಗಳಲ್ಲಿ ಬಹಳಷ್ಟು ಈಗ ಮುಚ್ಚಿವೆ. ತಾರಸಿ ಬಂತು, ಮಣ್ಣು ಸಿಗುವುದು ಕಷ್ಟವಾಯಿತು, ಮಕ್ಕಳು ಬೇರೆ ಕೆಲಸಕ್ಕೆ ಹೋದರು. ಉಳಿದವು ಎಷ್ಟು ಕಾಲ ಇರುತ್ತವೋ. ನೀನು ನಿನ್ನ ಹುಡುಗರನ್ನು ನೇತ್ರಾವತಿ ಬದಿಗೆ ಕರೆದುಕೊಂಡು ಹೋಗು. ಒಂದು ದಿನದ ಪಿಕ್ನಿಕ್ ಅಲ್ಲ. ಅವ ಹೇಳಿದ ಹಾಗೆ ಮೂರು ನಾಲ್ಕು ತಿಂಗಳು.

ಸೊಸೆ: ನವೆಂಬರಿನಿಂದ ಏಪ್ರಿಲ್ ತನಕ ಮಳೆಯ ಕಾಟ ಇಲ್ಲ. ತೆಂಗು, ಗೇರು, ಮಾವು ಎಲೆ ಉದುರಿಸಿ ಬೋಳಾಗುವುದೂ ಇಲ್ಲ. ಸೆಜಾನ್ ಕೇಳಿದ್ದೆಲ್ಲ ನಮ್ಮಲ್ಲಿದೆ.

ಮಾವ: ನಾನೂ ಬರುತ್ತೇನೆ. ಯಾವ ಗೂಡಿನಲ್ಲಿ ಬೆಂಕಿ, ಯಾವ ಅಟ್ಟದಲ್ಲಿ ಹಸಿ ಹಂಚು, ಮಣ್ಣು ಯಾವ ಕಡೆಯಿಂದ ಇಳಿಯುತ್ತಿತ್ತು ಅಂತ ತೋರಿಸುತ್ತೇನೆ. ಕಡಲನ್ನು ಅವರು ನಿಲ್ಲಿಸಲಿ, ಮಲಗಿಸಲಿ, ಅದು ಅವರ ಇಷ್ಟ. ಹಂಚು ಹೊತ್ತವರನ್ನು ಮಾತ್ರ ಬಿಡಬೇಡಿ ಅಂತ ನೀನು ಮೊದಲೇ ಹೇಳಿಡಬೇಕು.